ಎಡಗಡೆಯ ಅರವತ್ತು

ಮಗಳ ಎಕೋ ವರದಿಯಲ್ಲಿ ನಾನು ಓದುತ್ತಿದ್ದುದು ಒಂದೇ ಸಾಲು: ಇಎಫ್ 60 ಪರ್ಸೆಂಟ್. ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುವವನಿಗೆ ಅರವತ್ತು ಅಂದರೆ ಫಸ್ಟ್ ಕ್ಲಾಸು. ಒಂದು ವರ್ಷ 58 ಬಂದಾಗ ದಾರಿಯುದ್ದಕ್ಕೂ ಮುಖ ಸಣ್ಣ ಮಾಡಿಕೊಂಡು ಬಂದೆ. ಮರುವರ್ಷ 62 ಬಂದಾಗ ಬಸ್ ಸ್ಟ್ಯಾಂಡಿನ ಬೇಕರಿಯಲ್ಲಿ ಮೈಸೂರುಪಾಕು ಕಟ್ಟಿಸಿಕೊಂಡೆ. ಇಎಫ್ ಎಂಬುದು ಹೃದಯದ ಎಡ ಕೆಳಕೋಣೆ ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ಎಷ್ಟು ಪಾಲನ್ನು ಹೊರಗೆ ತಳ್ಳುತ್ತದೆ ಎಂಬ ಲೆಕ್ಕ. ನನ್ನ ಮಗಳ ತೊಂದರೆ ಇದ್ದದ್ದು ಬಲ ಕೆಳಕೋಣೆಯಲ್ಲಿ. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೋಗುವ ಹೊತ್ತಿಗೆ ಅವಳು ಪಿಯುಸಿ ಮುಗಿಸಿದ್ದಳು.

ಅವಳು ಹುಟ್ಟಿದ್ದು 2001ರಲ್ಲಿ. ನಾವಾಗ ತರೀಕೆರೆಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಕೆಲವು ತಿಂಗಳು ಕಳೆದ ಮೇಲೆ ಅಳುವಾಗ ತುಟಿ, ಉಗುರು ನೀಲಿಗಟ್ಟತೊಡಗಿದವು. ನಡೆಯಲು ಕಲಿತ ಮೇಲೆ ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡಿ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಎದ್ದು ಮತ್ತೆ ಓಡುತ್ತಿದ್ದಳು. ನಮ್ಮಮ್ಮ ಅದನ್ನು ಆಟ ಅಂದುಕೊಂಡಿದ್ದರು. ಅದು ಮೈ ತಾನಾಗಿ ಕಂಡುಕೊಂಡ ಉಪಾಯ ಎಂದು ಆಮೇಲೆ ತಿಳಿಯಿತು. ಕಾಲು ಮಡಚಿ ಕೂತಾಗ ಕಾಲಿನ ರಕ್ತನಾಳಗಳು ಒತ್ತಿಕೊಂಡು ದೇಹದ ಕಡೆಯ ಒತ್ತಡ ಏರುತ್ತದೆ. ಆಗ ಶ್ವಾಸಕೋಶದ ಕಡೆಗೆ ಸ್ವಲ್ಪ ಹೆಚ್ಚು ರಕ್ತ ಹರಿದು ಉಸಿರಿಗೆ ಸಮಾಧಾನವಾಗುತ್ತದೆ.

ಬೆಂಗಳೂರಿನಲ್ಲಿ ಮಕ್ಕಳ ಹೃದ್ರೋಗ ತಜ್ಞರು ಹೇಳಿದ ಹೆಸರು ಟೆಟ್ರಾಲಜಿ ಆಫ್ ಫ್ಯಾಲೋ. ಫ್ರಾನ್ಸಿನ ಮಾರ್ಸೇಲ್ ನಗರದ ವೈದ್ಯ ಫ್ಯಾಲೋ 1888ರಲ್ಲಿ ಇದನ್ನು ವಿವರವಾಗಿ ಬರೆದದ್ದರಿಂದ ಆ ಹೆಸರು. ನಾಲ್ಕು ದೋಷ ಒಟ್ಟಿಗೆ. ಎರಡು ಕೆಳಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ಮಹಾಪಧಮನಿ ಆ ತೂತಿನ ಮೇಲಕ್ಕೆ ಸರಿದು ಕೂತಿರುವುದು. ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಕಿರಿದಾಗಿರುವುದು. ಆ ಇಕ್ಕಟ್ಟಿನ ದಾರಿಗೆ ತಳ್ಳಿ ತಳ್ಳಿ ಬಲ ಕೆಳಕೋಣೆಯ ಗೋಡೆ ದಪ್ಪವಾಗಿರುವುದು. 2003ರಲ್ಲಿ ಎದೆ ತೆರೆದು ಆಪರೇಷನ್ ಮಾಡಿದರು. ತೂತಿಗೆ ತೇಪೆ ಬಿತ್ತು. ದಾರಿಗೆ ಅಡ್ಡ ಬೆಳೆದಿದ್ದ ಸ್ನಾಯುವನ್ನು ಕತ್ತರಿಸಿ ತೆಗೆದರು. ಇವಳಲ್ಲಿ ಶ್ವಾಸಕೋಶದ ಕವಾಟದ ಬಳೆಯೇ ತೀರ ಸಣ್ಣದಿತ್ತು. ಅದನ್ನು ಉದ್ದಕ್ಕೆ ಸೀಳಿ, ಅಗಲಿಸಿ, ಅಲ್ಲಿಗೂ ಒಂದು ತೇಪೆ ಹೊಲಿದರು. ದಾರಿ ಸಲೀಸಾಯಿತು. ಆದರೆ ಹಾಗೆ ಸೀಳಿದ ಕವಾಟ ಮತ್ತೆ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಮುಂದಕ್ಕೆ ತಳ್ಳಿದ ರಕ್ತದಲ್ಲಿ ಒಂದು ಪಾಲು ಪ್ರತಿ ಬಡಿತಕ್ಕೂ ಹಿಂದಕ್ಕೆ, ಬಲ ಕೆಳಕೋಣೆಗೇ ಬಂದು ಬೀಳುತ್ತದೆ.

ಇದನ್ನು ಡಾಕ್ಟರು ಮುಚ್ಚಿಟ್ಟಿರಲಿಲ್ಲ. ಡಿಸ್ಚಾರ್ಜಿನ ದಿನ ರಕ್ತಪರೀಕ್ಷೆಯ ಚೀಟಿ ಮಗುಚಿ ಅದರ ಬೆನ್ನ ಮೇಲೆ ಚಿತ್ರ ಬರೆದು ತೋರಿಸಿದ್ದರು. “ಲೀಕ್ ಇರುತ್ತೆ ಮೇಷ್ಟ್ರೇ. ಈಗೇನೂ ತೊಂದರೆ ಮಾಡಲ್ಲ. ಆದ್ರೆ ಬಿಡಬಾರದು, ನೋಡ್ತಾನೇ ಇರಬೇಕು. ದೊಡ್ಡವಳಾದ ಮೇಲೆ ಅಲ್ಲೊಂದು ಕವಾಟ ಕೂರಿಸಬೇಕಾಗಬಹುದು” ಅಂದಿದ್ದರು. ನಾನು ತಲೆ ಆಡಿಸಿದೆ. ಪಕ್ಕದ ಮಂಚದಲ್ಲಿ ಮಗಳ ಉಗುರು ನಸುಗೆಂಪಾಗಿತ್ತು. ಅವಳ ಉಗುರಿನಲ್ಲಿ ಆ ಬಣ್ಣ ನೋಡಿ ವರ್ಷದ ಮೇಲಾಗಿತ್ತು. ಅಂಥ ಹೊತ್ತಿನಲ್ಲಿ ಮುಂದೆಂದೋ ಬರುವ ಕವಾಟದ ಮಾತು ಯಾರ ಕಿವಿಗೆ ಹೋದೀತು? ಹೋಗಬೇಕಿತ್ತು, ಆ ಮಾತು ಬೇರೆ.

ಊರಿಗೆ ಬಂದ ಮೇಲೆ ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟೆ: “ಹಾರ್ಟಲ್ಲಿ ತೂತಿತ್ತು, ಮುಚ್ಚಿಸಿದೀವಿ.” ನಾಲ್ಕು ದೋಷದ ಕಥೆಯನ್ನು ನೆಂಟರಿಷ್ಟರಿಗೆ, ಹಾಲು ಹಾಕುವವನಿಗೆ, ಸ್ಟಾಫ್ ರೂಮಿನವರಿಗೆ ಹೇಳಿಕೊಂಡು ಕೂರಲು ಆಗುತ್ತದೆಯೇ? ತೂತು ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಮುಚ್ಚಿಸಿದೆವು ಅಂದರೆ ಎಲ್ಲರಿಗೂ ನೆಮ್ಮದಿಯಾಗುತ್ತದೆ. ಹೇಳಿ ಹೇಳಿ ನಾನೂ ಅದನ್ನೇ ನಂಬಿದೆ. ತೂತಿನ ಕಥೆಯಲ್ಲಿ ಕವಾಟಕ್ಕೆ ಜಾಗವೇ ಇರಲಿಲ್ಲ.

ಮೊದಲ ಕೆಲವು ವರ್ಷ ಬೆಂಗಳೂರಿಗೆ ತಪ್ಪದೆ ಹೋದೆವು. ಆಮೇಲೆ ಆ ಮಕ್ಕಳ ಡಾಕ್ಟರು ಆಸ್ಪತ್ರೆ ಬಿಟ್ಟು ಬೇರೆ ರಾಜ್ಯಕ್ಕೆ ಹೋದರು. ನನಗೆ ವರ್ಗವಾಯಿತು, ಚಿಕ್ಕವನು ಹುಟ್ಟಿದ. ಬೆಂಗಳೂರು ಅಂದರೆ ರಾತ್ರಿ ಬಸ್ಸು, ಬೆಳಗಿನ ಜಾವ ಮೆಜೆಸ್ಟಿಕ್ಕು, ಅಲ್ಲಿಂದ ಸಿಟಿ ಬಸ್ಸು, ಟೋಕನ್ನು, ಸಂಜೆವರೆಗೆ ಬೆಂಚು. ಅಷ್ಟೆಲ್ಲ ಮಾಡಿ ಕೇಳಿಸಿಕೊಳ್ಳುವುದು “ಚೆನ್ನಾಗಿದಾಳೆ, ಮುಂದಿನ ವರ್ಷ ಬನ್ನಿ” ಎಂಬ ಮಾತು. ಚೆನ್ನಾಗಿರುವುದು ನನಗೇ ಕಾಣುತ್ತಿತ್ತಲ್ಲ! ಎಕೋ ತಾನೇ, ಶಿವಮೊಗ್ಗದಲ್ಲೂ ಮಾಡುತ್ತಾರೆ ಎಂದುಕೊಂಡೆ.

ಶಿವಮೊಗ್ಗದ ಡಾಕ್ಟರು ದೊಡ್ಡವರ ಹೃದ್ರೋಗ ತಜ್ಞರು. ಸ್ಟೆಂಟ್ ಹಾಕಿಸಿಕೊಂಡವರು, ಬಿಪಿಯವರು, ಎದೆನೋವೆಂದು ಓಡಿಬಂದವರ ಸಾಲಿನಲ್ಲಿ ಯೂನಿಫಾರ್ಮ್ ತೊಟ್ಟ ನನ್ನ ಮಗಳು ಕೂತಿರುತ್ತಿದ್ದಳು. “ತೂತು ಮುಚ್ಚಿಸಿದೀವಿ ಸಾರ್, ವರ್ಷದ ಎಕೋ” ಎಂದು ನಾನು ಹೇಳುತ್ತಿದ್ದೆ. ಅವರು ತೂತು ನೋಡಿದರು: ಮುಚ್ಚಿದೆ, ಸೋರುತ್ತಿಲ್ಲ. ಎಡ ಕೆಳಕೋಣೆ ನೋಡಿದರು: ಇಎಫ್ ಅರವತ್ತು. ವರದಿಯ ಕೊನೆಯಲ್ಲಿ ಶ್ವಾಸಕೋಶದ ಕವಾಟ ಸೋರುತ್ತಿದೆ ಎಂಬ ಒಂದು ತುಂಡು ಸಾಲೂ ಇರುತ್ತಿತ್ತು. ನಾನು ಅಲ್ಲಿಯವರೆಗೆ ಓದುತ್ತಿರಲಿಲ್ಲ. ಅವರನ್ನು ದೂರುವ ಹಾಗಿಲ್ಲ. ನಾನು ಹೇಳಿದ ಕಾಯಿಲೆಯನ್ನು ಅವರು ಶ್ರದ್ಧೆಯಿಂದಲೇ ಪರೀಕ್ಷಿಸಿದರು. ನಾನು ಹೇಳಿದ ಕಾಯಿಲೆ ಅವಳಿಗೆ ಇರಲಿಲ್ಲ, ಅಷ್ಟೇ.

ಹಾಗಾದರೆ ಹಳೆಯ ಕಾಗದ ತೋರಿಸಬಹುದಿತ್ತಲ್ಲ ಎಂದು ಕೇಳುತ್ತೀರಿ. ಡಿಸ್ಚಾರ್ಜ್ ಸಮರಿಯ ಅಸಲು ಪ್ರತಿಯನ್ನು ವೈದ್ಯಕೀಯ ವೆಚ್ಚದ ಮರುಪಾವತಿಗೆಂದು ಬಿಲ್ಲುಗಳ ಜೊತೆ ಕಚೇರಿಗೆ ಕೊಟ್ಟಿದ್ದೆ. ಜೆರಾಕ್ಸ್ ಇಟ್ಟುಕೊಂಡಿದ್ದೆ, ವರ್ಗವಾಗಿ ಮನೆ ಖಾಲಿ ಮಾಡುವಾಗ ಅದು ಯಾವ ರಟ್ಟಿನ ಪೆಟ್ಟಿಗೆಯಲ್ಲಿ ಸೇರಿತೋ, ಸಿಗಲಿಲ್ಲ. ಎಕೋ ಚಿತ್ರಗಳನ್ನು ಮಾತ್ರ ಜೋಪಾನ ಮಾಡಿದ್ದೆ. ನುಣುಪು ಕಾಗದದ ಉದ್ದನೆಯ ಪಟ್ಟಿಗಳವು. ವರ್ಷ ಕಳೆದಂತೆ ಮಾಸುತ್ತ ಬಂದದ್ದು ನೋಡಿ, ಅಂಕಪಟ್ಟಿ ಲ್ಯಾಮಿನೇಷನ್ ಮಾಡಿಸುವ ಅಂಗಡಿಗೆ ಒಯ್ದೆ. ಅಂಗಡಿಯ ಹುಡುಗ ಪ್ಲಾಸ್ಟಿಕ್ ಹಾಳೆಯ ನಡುವೆ ಪಟ್ಟಿ ಇಟ್ಟು ಯಂತ್ರದ ಬಾಯಿಗೆ ಕೊಟ್ಟ. ಆ ಕಡೆಯಿಂದ ಹೊರಬಂದದ್ದು ಅಂಚಿನಿಂದ ಅಂಚಿಗೆ ಕಡುಗಪ್ಪು ಪಟ್ಟಿ. ಅದು ಥರ್ಮಲ್ ಕಾಗದ, ಬಿಸಿ ತಾಗಿದರೆ ಕಪ್ಪಾಗುತ್ತದೆ. ಚಿತ್ರ ಮೂಡುವುದೇ ಬಿಸಿಯಿಂದ. ಹುಡುಗ ಗಾಬರಿಯಾಗಿ ದುಡ್ಡು ಬೇಡ ಅಂದ. ಉಳಿದ ಪಟ್ಟಿಗಳನ್ನು ಅವನ ಕೈಯಿಂದ ಕಸಿದುಕೊಂಡು ಬಂದೆ. ಅವೂ ಆಮೇಲೆ ತಮ್ಮಷ್ಟಕ್ಕೆ ಬಿಳಿಚಿಕೊಂಡವು.

ಮಗಳು ಬೆಳೆದಳು. ಅವಳಿಗೆ ಆಯಾಸವಾಗುತ್ತಿತ್ತೇ? ಈಗ ಲೆಕ್ಕ ಹಾಕಿದರೆ ಆಗುತ್ತಿತ್ತು. ಆದರೆ ನಮ್ಮ ಇಡೀ ಮನೆ ಅವಳಿಗೆ ಆಯಾಸವಾಗದ ಹಾಗೆ ಏರ್ಪಟ್ಟಿತ್ತು. ಶಾಲೆಗೆ ನನ್ನ ಸ್ಕೂಟರು. ಪಿಟಿ ಮೇಷ್ಟ್ರು ನನ್ನ ಸಹೋದ್ಯೋಗಿ. ಅವಳನ್ನು ಓಟಕ್ಕೆ ಬಿಡದೆ ಕೈಗೆ ಸ್ಟಾಪ್‌ವಾಚ್ ಕೊಡುತ್ತಿದ್ದರು. ಕಾಲೇಜಿನಲ್ಲಿ ಮೂರನೆಯ ಮಹಡಿಯ ಲ್ಯಾಬಿಗೆ ಗೆಳತಿಯರಿಗಿಂತ ಮೊದಲೇ ಹೊರಟು ನಿಧಾನಕ್ಕೆ ಹತ್ತುತ್ತಿದ್ದಳಂತೆ. ಯಾರಾದರೂ ಕೇಳಿದರೆ “ನಂಗೇನೂ ಆಗಲ್ಲ” ಅನ್ನುತ್ತಿದ್ದಳು. ಅದು ಸುಳ್ಳೂ ಅಲ್ಲ. ಹುಟ್ಟಿದಾಗಿನಿಂದ ಹೀಗೇ ಇರುವವರಿಗೆ ಬೇರೆಯವರ ಉಸಿರು ಹೇಗಿರುತ್ತದೆಂದು ಗೊತ್ತಿರುವುದಿಲ್ಲ. ಅದಕ್ಕೇ ಇಂಥವರ ಬಾಯಿಮಾತು ನಂಬದೆ, ಮುಖಕ್ಕೆ ಮಾಸ್ಕ್ ಕಟ್ಟಿ ಸೈಕಲ್ ತುಳಿಸಿ, ಆಮ್ಲಜನಕ ಎಷ್ಟು ಬಳಕೆಯಾಯಿತೆಂದು ಅಳೆಯುತ್ತಾರೆ.

2019ರಲ್ಲಿ ಡಿಗ್ರಿಗೆ ಸೇರಿದಾಗ ಎನ್‌ಸಿಸಿ ಸೇರುತ್ತೇನೆಂದು ಹಟ ಹಿಡಿದಳು. ಫಿಟ್‌ನೆಸ್ ಸರ್ಟಿಫಿಕೇಟಿಗೆಂದು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿದ್ದವರು ಈಗಷ್ಟೇ ಓದು ಮುಗಿಸಿ ಬಂದಂತಿದ್ದ ಲೇಡಿ ಡಾಕ್ಟರು. ಸಹಿ ಹಾಕಿ ಕಳಿಸುತ್ತಾರೆ ಅಂದುಕೊಂಡಿದ್ದೆ. ಎದೆಯ ಎಡಬದಿಗೆ ಸ್ಟೆತಾಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ.

“ಆಪರೇಷನ್ ಯಾತಕ್ಕೆ ಆಗಿದ್ದು?”

“ತೂತಿತ್ತು ಮೇಡಂ, ಮುಚ್ಚಿಸಿದೀವಿ.”

“ಚಿಕ್ಕವಳಿದ್ದಾಗ ನೀಲಿ ಆಗ್ತಿದ್ಲಾ?”

“ಆಗ್ತಿದ್ಲು.”

“ಹಾಗಿದ್ರೆ ಬರೀ ತೂತಲ್ಲ ಸರ್ ಅದು.”

ಆ ಒಂದು ಪ್ರಶ್ನೆಯನ್ನು ಅಷ್ಟು ವರ್ಷ ಯಾರೂ ಕೇಳಿರಲಿಲ್ಲ. ಕೇಳುವ ಅಗತ್ಯ ಬೀಳದ ಹಾಗೆ ನಾನೇ ನೋಡಿಕೊಂಡಿದ್ದೆ. ಅವರು ಇಸಿಜಿ ತೆಗೆಸಿದರು. ಕೆಳಕೋಣೆಗಳಿಗೆ ವಿದ್ಯುತ್ ಹರಡಲು ಹಿಡಿಯುವ ಸಮಯ, ಕ್ಯೂಆರ್‌ಎಸ್ ಅನ್ನುತ್ತಾರೆ, ಅವಳದು 164 ಮಿಲಿಸೆಕೆಂಡ್ ಇತ್ತು. ಸಾಮಾನ್ಯವಾಗಿ 100ರ ಆಸುಪಾಸು ಇರಬೇಕಾದದ್ದು. ಫ್ಯಾಲೋ ಆಪರೇಷನ್ ಆದವರಲ್ಲಿ ಇದು ಅಗಲವಾಗಿಯೇ ಇರುತ್ತದೆ. ಆದರೆ ಬಲ ಕೆಳಕೋಣೆ ಹಿಗ್ಗಿದಷ್ಟೂ ಇದೂ ಹಿಗ್ಗುತ್ತದೆ, 180 ದಾಟಿದವರಲ್ಲಿ ಅಪಾಯಕಾರಿ ಬಡಿತದ ಏರುಪೇರು ಹೆಚ್ಚು ಎಂದು 1995ರಲ್ಲೇ ಲಂಡನ್ನಿನ ವೈದ್ಯರು ತೋರಿಸಿದ್ದರು. ಸರ್ಟಿಫಿಕೇಟು ಸಿಗಲಿಲ್ಲ. ಮಗಳು ಅವತ್ತು ನನ್ನ ಜೊತೆ ಮಾತಾಡಲಿಲ್ಲ, ಎನ್‌ಸಿಸಿ ತಪ್ಪಿದ್ದಕ್ಕೆ.

ಮತ್ತೆ ಬೆಂಗಳೂರು. ಈ ಸಲ ಜನ್ಮಜಾತ ಹೃದ್ರೋಗವಿದ್ದು ದೊಡ್ಡವರಾದವರನ್ನು ನೋಡುವ ತಜ್ಞರನ್ನು ಹುಡುಕಿಕೊಂಡು ಹೋದೆವು. ಹಳೆಯ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಅವಳ ಆಪರೇಷನ್ ನೋಟ್ಸ್ ಕೇಳಿದೆ. ಇರಲಿಲ್ಲ. ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕು ಎನ್ನುವುದಷ್ಟೇ ವೈದ್ಯ ಮಂಡಳಿಯ 2002ರ ನಿಯಮ. ಆಪರೇಷನ್ ಆಗಿ ಹದಿನಾರು ವರ್ಷ ಕಳೆದಿತ್ತು. ಕವಾಟದ ಬಳೆ ಸೀಳಿದ್ದರೇ ಇಲ್ಲವೇ, ತೇಪೆ ಯಾವುದರದು, ಹೃದಯದ ಮೇಲ್ಮೈಯಲ್ಲಿ ಹಾದುಹೋಗುವ ರಕ್ತನಾಳಗಳು ಎಲ್ಲರ ಹಾಗೇ ಇವೆಯೇ — ತಜ್ಞರು ಕೇಳಿದ್ದಕ್ಕೆಲ್ಲ ಗಣಿತದ ಮೇಷ್ಟ್ರು ಬಾಯಿ ಬಿಡಲಿಲ್ಲ. “ಪರವಾಗಿಲ್ಲ, ಚಿತ್ರ ತೆಗೆದು ನೋಡೋಣ” ಅಂದರು.

ಎಕೋ ಇಲ್ಲೂ ಮಾಡಿದರು, ಬಹಳ ಹೊತ್ತು, ಬಲಗಡೆಯನ್ನೇ ಹಿಡಿದು. ಆದರೆ ಬಲ ಕೆಳಕೋಣೆಯನ್ನು ಎಕೋದಲ್ಲಿ ಅಳೆಯುವುದು ಕಷ್ಟ. ಅದು ಎದೆಮೂಳೆಯ ಬೆನ್ನಿಗೇ ಇರುತ್ತದೆ, ಧ್ವನಿ ತರಂಗಕ್ಕೆ ಮೂಳೆ ಅಡ್ಡ. ಪುಟ್ಟ ಮಕ್ಕಳ ಎದೆಯಲ್ಲಿ ಚೆನ್ನಾಗಿ ಕಾಣುವುದು ಹದಿನೆಂಟರ ಹೊತ್ತಿಗೆ ಮಸುಕಾಗುತ್ತದೆ. ಆಪರೇಷನ್ನಿನ ಗಾಯದ ಗಡಸು ಬೇರೆ. ಮೇಲಾಗಿ ಅದರ ಆಕಾರ. ಎಡ ಕೆಳಕೋಣೆ ಹೆಚ್ಚುಕಡಿಮೆ ಮೊಟ್ಟೆಯಾಕಾರ, ಎರಡು ಕಡೆಯಿಂದ ಅಳೆದರೆ ಸೂತ್ರಕ್ಕೆ ಸಿಗುತ್ತದೆ. ಬಲದ್ದು ಅದನ್ನು ತಬ್ಬಿಕೊಂಡಂತೆ ಬಾಗಿದೆ. ಯಾವ ಸರಳ ಸೂತ್ರಕ್ಕೂ ಬಗ್ಗದು. ಇದು ನನಗೆ ಒಂದೇ ಮಾತಿಗೆ ಅರ್ಥವಾಯಿತು. ಅಂಕುಡೊಂಕು ಪಾತ್ರೆಯ ಗಾತ್ರ ಬೇಕೆಂದರೆ ತೆಳ್ಳಗೆ ಹೋಳು ಮಾಡಿ, ಪ್ರತಿ ಹೋಳಿನ ವಿಸ್ತೀರ್ಣ ಅಳೆದು ಕೂಡಬೇಕು. ಎಂಆರ್‌ಐ ಮಾಡುವುದು ಅದನ್ನೇ.

ಸ್ಕ್ಯಾನಿನ ದಿನ ಒಳಗೆ ಬಿಡುವ ಮುಂಚೆ ಟೆಕ್ನೀಷಿಯನ್ ಫಾರಂ ತುಂಬಿಸಿದ: ಪೇಸ್‌ಮೇಕರ್ ಇದೆಯೇ, ಕ್ಲಿಪ್ ಇದೆಯೇ, ಎದೆಮೂಳೆಗೆ ಹಾಕಿದ ತಂತಿ ಇದೆಯೇ. ತಂತಿ ಇದ್ದರೆ ಅಡ್ಡಿಯಿಲ್ಲವಂತೆ, ಚಿತ್ರದಲ್ಲಿ ಅಲ್ಲಷ್ಟೇ ಸಣ್ಣ ಕಪ್ಪು ಕಲೆ ಕಾಣುತ್ತದಂತೆ. ಮಗಳ ಬಳೆ, ಓಲೆ, ತಲೆಪಿನ್ನು ನನ್ನ ಜೇಬಿಗೆ ಬಂದವು. ಗಾಜಿನಾಚೆಯ ಕಂಟ್ರೋಲ್ ಕೋಣೆಯಲ್ಲಿ ಒಂದು ಮೂಲೆಯಲ್ಲಿ ನಿಲ್ಲಲು ಬಿಟ್ಟರು. ಎದೆಗೆ ಇಸಿಜಿ ಸ್ಟಿಕ್ಕರ್ ಅಂಟಿಸಿ, ಮೇಲೆ ಹಗುರವಾದ ಒಂದು ಕಾಯಿಲ್ ಕಟ್ಟಿ, ಕಿವಿಗೆ ಹೆಡ್‌ಫೋನ್ ಹಾಕಿ ಅವಳನ್ನು ಕೊಳವೆಯೊಳಗೆ ಸರಿಸಿದರು. ಆಮೇಲೆ ಟೆಕ್ನೀಷಿಯನ್ನಿನ ಮೈಕು: “ಉಸಿರು ತಗೊಳ್ಳಿ... ಬಿಡಿ... ಹಾಗೇ ಇರಿ.” ಬಿಟ್ಟ ಮೇಲೆ ಹಿಡಿಯಬೇಕು, ತುಂಬಿಕೊಂಡಲ್ಲ, ಖಾಲಿ ಮಾಡಿ ನಿಂತಾಗ ಹೃದಯ ಪ್ರತಿ ಸಲ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಯಂತ್ರ ಕಟಕಟನೆ ಬಡಿಯುವಷ್ಟು ಹೊತ್ತು ಹಾಗೇ. “ಉಸಿರಾಡಿ.” ಮತ್ತೆ ಮುಂದಿನ ಹೋಳು. ಗೋಡೆಯಾಚೆ ನಾನೂ ಉಸಿರು ಬಿಟ್ಟು ಹಿಡಿಯುತ್ತಿದ್ದೆ. ಸಲ ಸಲಕ್ಕೂ ಅವಳಿಗಿಂತ ಮೊದಲೇ ನನ್ನದು ಸೋತುಹೋಗುತ್ತಿತ್ತು. ಒಂದು ಗಂಟೆ ಹಿಡಿಯಿತು. ವಿಕಿರಣವಿಲ್ಲದ್ದರಿಂದ ಮುಂದೆ ಎಷ್ಟು ಸಲ ಬೇಕಾದರೂ ಮಾಡಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಜೀವನಪೂರ್ತಿ ನೋಡುತ್ತಲೇ ಇರಬೇಕಾದವರಿಗೆ ಇದು ಸಣ್ಣ ಮಾತಲ್ಲ.

ಮಧ್ಯಾಹ್ನದ ಮೇಲೆ ಡಾಕ್ಟರು ತಮ್ಮ ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. ನಿಂತ ಚಿತ್ರವಲ್ಲ, ಬಡಿಯುವ ಹೃದಯ. ಎಡ ಕೆಳಕೋಣೆ ಚುರುಕಾಗಿ ಮುದುಡಿ ಅರಳುತ್ತಿತ್ತು. ಇಷ್ಟು ವರ್ಷ ನಾನು ಅಂಕ ಕೊಟ್ಟದ್ದು ಇದಕ್ಕೇ. ಅದರ ಮುಂದೆ, ಎದೆಮೂಳೆಗೆ ಒತ್ತಿಕೊಂಡು, ಬಲದ್ದು ಅದರ ಎರಡರಷ್ಟು ಕಾಣುತ್ತಿತ್ತು, ಸೋಮಾರಿಯಂತೆ ಅಲುಗುತ್ತಿತ್ತು. ಇನ್ನೊಂದು ಚಿತ್ರದಲ್ಲಿ ಶ್ವಾಸಕೋಶದ ಕಡೆಗೆ ಹೋಗುವ ರಕ್ತ ಬಿಳಿ, ಹಿಂದೆ ಬರುವುದು ಕಪ್ಪು. ಬಡಿತಕ್ಕೊಮ್ಮೆ ಬಿಳಿ, ಹಿಂದೆಯೇ ಕಪ್ಪು. ಕಪ್ಪು ಹೆಚ್ಚುಕಡಿಮೆ ಬಿಳಿಯ ಅರ್ಧದಷ್ಟಿತ್ತು.

ಲೆಕ್ಕ ಹೀಗಿತ್ತು. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಬಲ ಕೆಳಕೋಣೆಯ ತುಂಬು ಗಾತ್ರ 168 ಮಿ.ಲೀ.; ಆರೋಗ್ಯವಂತ ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ ನೂರರ ಒಳಗೆ. ಮುದುಡಿದಾಗ ಉಳಿಯುವುದು 94. ತಳ್ಳಿದ್ದರಲ್ಲಿ ಹಿಂದಕ್ಕೆ ಬೀಳುವ ಪಾಲು ಶೇ. 46. ಇಎಫ್ ಎರಡಿದ್ದವು: ಎಡ 59, ಬಲ 44. ತುಂಬು ಗಾತ್ರ 160, ಮುದುಡಿದ ಗಾತ್ರ 80 ದಾಟುವ ಮುಂಚೆಯೇ ಹೊಸ ಕವಾಟ ಕೂರಿಸಿದರೆ ಕೋಣೆ ಮತ್ತೆ ತನ್ನ ಅಳತೆಗೆ ಬರುವ ಸಾಧ್ಯತೆ ಹೆಚ್ಚು ಎಂಬುದು ವೈದ್ಯರ ಲೆಕ್ಕಾಚಾರ. 170 ದಾಟಿದವರಲ್ಲಿ ಕವಾಟ ಹಾಕಿದರೂ ಅದು ಪೂರ್ತಿ ಮರಳುವುದಿಲ್ಲ ಎಂದು 2005ರಲ್ಲೇ ಬರೆದಿದ್ದರಂತೆ. ನಾವು ಗೆರೆಯ ಮೇಲೆ ನಿಂತಿದ್ದೆವು, ತಪ್ಪಾದ ಬದಿಗೆ.

“ಎರಡು ಮೂರು ವರ್ಷ ಮೊದಲು ಬಂದಿದ್ರೆ ನಿಧಾನಕ್ಕೆ ಯೋಚನೆ ಮಾಡಬಹುದಿತ್ತು” ಅಂದರು ಡಾಕ್ಟರು. ಬೈಯಲಿಲ್ಲ. ಬೈದಿದ್ದರೆ ಅನುಕೂಲವಿತ್ತು.

ಆಮೇಲೆ ನಾನು ಓದತೊಡಗಿದೆ. ತಡವಾಗಿ ಓದುವ ಹುಡುಗರ ಉತ್ಸಾಹವೇ ಬೇರೆ. 1944ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆಲೆನ್ ಟಾಸಿಗ್ ಅವರ ಆಲೋಚನೆಯಂತೆ ಆಲ್ಫ್ರೆಡ್ ಬ್ಲಾಲಾಕ್ ಮೊದಲ ನೀಲಿ ಮಗುವಿಗೆ ಆಪರೇಷನ್ ಮಾಡಿದಾಗ, ಅವರ ಬೆನ್ನ ಹಿಂದೆ ನಿಂತು ಹೆಜ್ಜೆ ಹೆಜ್ಜೆಗೂ ಹೇಳಿಕೊಟ್ಟವರು ವಿವಿಯನ್ ಥಾಮಸ್. ವೈದ್ಯಕೀಯ ಪದವಿಯಿಲ್ಲದ ಕಪ್ಪು ಜನಾಂಗದ ಲ್ಯಾಬ್ ಸಹಾಯಕ. 1954ರಲ್ಲಿ ಮಿನಿಯಾಪೊಲಿಸ್‌ನಲ್ಲಿ ವಾಲ್ಟನ್ ಲಿಲೆಹೈ ಫ್ಯಾಲೋ ದೋಷವನ್ನು ಹೃದಯ ತೆರೆದು ಸರಿಪಡಿಸಿದಾಗ ಅವರ ಹತ್ತಿರ ಹೃದಯ-ಶ್ವಾಸಕೋಶ ಯಂತ್ರವಿರಲಿಲ್ಲ. ಮಗುವಿನ ರಕ್ತನಾಳವನ್ನು ಪಕ್ಕದಲ್ಲಿ ಮಲಗಿದ ದೊಡ್ಡವರೊಬ್ಬರ ರಕ್ತನಾಳಕ್ಕೆ ಜೋಡಿಸಿ, ಅವರ ಹೃದಯದಿಂದಲೇ ಮಗುವನ್ನು ಬದುಕಿಸಿಟ್ಟುಕೊಳ್ಳುತ್ತಿದ್ದರು. ಆ ಆಪರೇಷನ್‌ಗಳಲ್ಲಿ ಹಾಗೆ ಮಲಗಿದವರು ಬಹುಪಾಲು ತಂದೆಯೋ ತಾಯಿಯೋ. ನನ್ನಿಂದ ಒಂದು ಜೆರಾಕ್ಸ್ ಕಾಪಾಡಲು ಆಗಿರಲಿಲ್ಲ.

ಕವಾಟ ಸೋರಿದರೆ ಏನೂ ಆಗುವುದಿಲ್ಲ ಎಂದು ಬಹಳ ಕಾಲ ವೈದ್ಯರೇ ನಂಬಿದ್ದರು ಎನ್ನುವುದು ನನಗೆ ಸಿಕ್ಕ ಅರೆ ಸಮಾಧಾನ. ಹಿಂದಿನ ದಶಕಗಳಲ್ಲಿ ಆಪರೇಷನ್ ಆದ ಮಕ್ಕಳು ಮೂವತ್ತು ದಾಟಿ, ಕೆಲವರು ಇದ್ದಕ್ಕಿದ್ದಂತೆ ಕುಸಿದು ಬಿದ್ದ ಮೇಲೆ ಕಣ್ಣು ತೆರೆಯಿತು. ಇಂಥ ಸಾವುಗಳ, ಬಡಿತದ ಏರುಪೇರುಗಳ ಹಿಂದೆ ಈ ಸೋರಿಕೆಯೇ ದೊಡ್ಡ ಕಾರಣ ಎಂದು ಹಲವು ಆಸ್ಪತ್ರೆಗಳ ರೋಗಿಗಳನ್ನು ಒಟ್ಟುಗೂಡಿಸಿ ನೋಡಿದವರು 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅದೇ ವರ್ಷ ಅದೇ ಪತ್ರಿಕೆಯಲ್ಲಿ, ಎದೆ ತೆರೆಯದೆ ಕ್ಯಾಥೆಟರ್ ಮೂಲಕ ಶ್ವಾಸಕೋಶದ ಕವಾಟ ಕೂರಿಸಿದ್ದನ್ನು ಫಿಲಿಪ್ ಬಾನ್‌ಹೋಫರ್ ವರದಿ ಮಾಡಿದರು. ಅರೆ ಸಮಾಧಾನ ಎಂದದ್ದು ಯಾಕೆಂದರೆ, ಎರಡೂ ನನ್ನ ಮಗಳು ಹುಟ್ಟುವ ಮೊದಲಿನ ಸಂಗತಿ. ಚೀಟಿಯ ಬೆನ್ನ ಮೇಲೆ ಚಿತ್ರ ಬರೆದ ಡಾಕ್ಟರಿಗೆ ಅದೆಲ್ಲ ಗೊತ್ತಿತ್ತು.

ಕ್ಯಾಥೆಟರ್ ಕವಾಟ ನಮಗೆ ಹೊಂದಲಿಲ್ಲ. ತೇಪೆ ಹಾಕಿದ ದಾರಿ ಹಿಗ್ಗಿ, ಕವಾಟ ಕಚ್ಚಿ ಕೂರಲು ಬೇಕಾದ ಬಿಗಿ ಅಲ್ಲಿರಲಿಲ್ಲ. ಹಾಗಾಗಿ ಮತ್ತೆ ಎದೆ ತೆರೆಯುವುದೆಂದಾಯಿತು. ಅದಕ್ಕೆ ಮುಂಚೆ ಸಿಟಿ ಸ್ಕ್ಯಾನ್: ಹೃದಯ ಎದೆಮೂಳೆಗೆ ಎಷ್ಟು ಅಂಟಿದೆ, ಗರಗಸ ಇಳಿಸುವಾಗ ಎಷ್ಟು ಜಾಗವಿದೆ ಎಂದು ನೋಡಲು. 2020ರ ಜನವರಿಯಲ್ಲಿ ಆಪರೇಷನ್ ಆಯಿತು. ಹಸುವಿನ ಹೃದಯದ ಹೊರಪೊರೆಯಿಂದ ಮಾಡಿದ ಕವಾಟ. ಅದಕ್ಕೂ ಆಯುಸ್ಸಿದೆ, ಹತ್ತು ಹದಿನೈದು ವರ್ಷಕ್ಕೆ ಬದಲಾಯಿಸಬೇಕಾಗಬಹುದು. ಆಗ ಈ ಕವಾಟದ ಬಳೆಯೊಳಗೇ ಕ್ಯಾಥೆಟರ್ ಕವಾಟ ಕೂರಿಸಲು ಸಾಧ್ಯವಾಗಬಹುದು ಅಂದಿದ್ದಾರೆ. ಹಲ್ಲಿನ ಡಾಕ್ಟರ ಹತ್ತಿರ ಹೋಗುವಾಗ ಕವಾಟಕ್ಕೆ ಸೋಂಕು ತಗಲದಂತೆ ಮೊದಲು ಆಂಟಿಬಯಾಟಿಕ್ ತೆಗೆದುಕೊಳ್ಳಬೇಕು. 2021ರ ಎಂಆರ್‌ಐಯಲ್ಲಿ ಬಲ ಕೋಣೆ 118ಕ್ಕೆ ಇಳಿದಿತ್ತು. ಮೊದಲಿನ ಅಳತೆಗೆ ಬರಲಿಲ್ಲ. ಅಷ್ಟು ಬಂದದ್ದೇ ದೊಡ್ಡದು ಅನ್ನುತ್ತಾರೆ ಡಾಕ್ಟರು. ನಾನೂ ಹಾಗೇ ಅನ್ನುತ್ತೇನೆ, ಮಗಳ ಎದುರಿಗೆ.

ಆಸ್ಪತ್ರೆಯ ಬೆಂಚಿನಲ್ಲಿ ಕೂತಾಗ ಬೇರೆ ತಂದೆತಾಯಿಯರ ಮಾತು ಕಿವಿಗೆ ಬೀಳುತ್ತದೆ. “ತೂತು ಮುಚ್ಚಿಸಿದೀವಿ” ಅನ್ನುವವರು ಸಿಕ್ಕರೆ ನನಗೆ ಸುಮ್ಮನಿರಲಾಗುವುದಿಲ್ಲ. ಹೆಂಡತಿ ಮೊಣಕೈಯಲ್ಲಿ ತಿವಿದರೂ. ಮಗು ನೀಲಿಯಾಗುತ್ತಿತ್ತೇ, ಕವಾಟದ ಬಳೆ ಸೀಳಿದ್ದಾರೆಯೇ, ಆಪರೇಷನ್ ನೋಟ್ಸ್ ಎಲ್ಲಿದೆ ಎಂದು ಕೇಳುತ್ತೇನೆ. ಬರಿಯ ತೂತಿದ್ದು ಸರಿಯಾಗಿ ಮುಚ್ಚಿದ್ದರೆ ಅವರ ದಾರಿ ಬೇರೆ, ಹಗುರವಾದ ದಾರಿ. ಅವರನ್ನು ಹೆದರಿಸಬಾರದೆಂಬುದೂ ಈಗ ಗೊತ್ತಾಗಿದೆ. ಒಮ್ಮೆ ಹಾವೇರಿ ಕಡೆಯ ರೈತರೊಬ್ಬರು ನನ್ನ ಪ್ರಶ್ನೆಗಳನ್ನು ಕೇಳಿ, “ನೀವೇನ್ ಡಾಕ್ಟ್ರೇನ್ರೀ?” ಅಂದರು. ಅಲ್ಲ ಅಂದೆ. “ಮತ್ತ ಸುಮ್ನ ಕುಂದರ್ರಿ” ಅಂದವರು, ಸ್ವಲ್ಪ ಹೊತ್ತಿನ ಮೇಲೆ ತಾವೇ ಫೈಲು ಬಿಚ್ಚಿ ನನ್ನ ಕಡೆ ಸರಿಸಿದರು.

ನಮ್ಮ ವ್ಯವಸ್ಥೆಯಲ್ಲೂ ಒಂದು ಕಂದಕವಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂಗನವಾಡಿ, ಶಾಲೆಗಳಿಗೇ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ, ಎಷ್ಟೋ ಬಡ ಮಕ್ಕಳ ಹೃದಯ ಅದರಿಂದ ರಿಪೇರಿಯಾಗಿದೆ. ಅದರ ಲೆಕ್ಕ ಹದಿನೆಂಟಕ್ಕೆ ಮುಗಿಯುತ್ತದೆ. ಸೋರುವ ಕವಾಟದ ಲೆಕ್ಕ ಬಿಗಿಯಾಗುವುದು ಸರಿಯಾಗಿ ಆ ವಯಸ್ಸಿನಲ್ಲೇ. ನಮ್ಮಲ್ಲಷ್ಟೇ ಅಲ್ಲ: ಕೆನಡಾದಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಮಕ್ಕಳ ಆಸ್ಪತ್ರೆಯಿಂದ ದೊಡ್ಡವರ ವಿಭಾಗಕ್ಕೆ ಸರಿಯಾಗಿ ದಾಟಿದವರು ಅರ್ಧಕ್ಕಿಂತ ಕಡಿಮೆ. ಮಕ್ಕಳ ಡಾಕ್ಟರಿಗೆ ಅವಳು ದೊಡ್ಡವಳು, ದೊಡ್ಡವರ ಡಾಕ್ಟರಿಗೆ ಅವಳ ಕಾಯಿಲೆ ಮಕ್ಕಳದು. ನಡುವೆ ಕೈ ಹಿಡಿದು ದಾಟಿಸಬೇಕಾದವನು ಮೈಸೂರುಪಾಕು ಕಟ್ಟಿಸಿಕೊಳ್ಳುತ್ತಿದ್ದ.

ಈಗ ಅವಳಿಗೆ ಮೈಸೂರಿನಲ್ಲಿ ಕೆಲಸ, ಲೆಕ್ಕಪತ್ರದ ಆಫೀಸು. ಫೈಲು ಅವಳ ಬಳಿಯೇ ಇದೆ. ಎಲ್ಲದರ ಫೋಟೊ ಫೋನಿನಲ್ಲಿ, ನನ್ನ ಫೋನಿಗೂ ಒಂದು ಪ್ರತಿ. ಡಾಕ್ಟರು ಏನಾದರೂ ಕೇಳಿದರೆ ನಾನು ಬಾಯಿ ತೆರೆಯುವಷ್ಟರಲ್ಲಿ “ಅಪ್ಪ, ನಾನು ಹೇಳ್ತೀನಿ” ಅನ್ನುತ್ತಾಳೆ, ಹೇಳುತ್ತಾಳೆ, ನನಗಿಂತ ಸರಿಯಾಗಿ. ಮನೆಯಲ್ಲಿ ಮದುವೆಯ ಮಾತು ಎದ್ದಿದೆ. ಗಾಯದ ಗುರುತಿನ ವಿಷಯ ಮೊದಲೇ ಯಾಕೆ ಹೇಳಬೇಕು, ಈಗ ಗುಣವಾಗಿದೆಯಲ್ಲ ಎಂದು ನಮ್ಮಕ್ಕ ತಕರಾರು ತೆಗೆದರು. ಗಂಡಿನ ಕಡೆಯವರಿಗೆ ತಾನೇ ಹೇಳುತ್ತೇನೆ, ಬಸಿರಿಗೆ ಮೊದಲು ಹೃದಯದ ಡಾಕ್ಟರನ್ನು ಕೇಳಬೇಕಾಗುತ್ತದೆ ಅನ್ನುವುದನ್ನೂ ಸೇರಿಸಿ ಹೇಳುತ್ತೇನೆ ಎಂದು ಮಗಳು ಅಂದಳು. ಒಂದು ಸಂಬಂಧ ಹಾಗೆ ತಪ್ಪಿತು. ಇನ್ನೊಂದರ ಮಾತು ನಡೆಯುತ್ತಿದೆ.

ಮುಂದಿನ ಎಂಆರ್‌ಐ ಬರುವ ಬೇಸಿಗೆಗೆ. ದಿನ ಗೊತ್ತು ಮಾಡುವವಳು ಅವಳೇ. ನನ್ನ ಮೌಲ್ಯಮಾಪನದ ಡ್ಯೂಟಿ ನೋಡಿಕೊಂಡು ದಿನ ಮುಂದೂಡಬೇಡ ಅಂದಿದ್ದೇನೆ, ಒಪ್ಪಿದ್ದಾಳೆ. ನಿನ್ನ ಆಫೀಸಿನ ಆಡಿಟ್ ನೋಡಿಕೊಂಡೂ ಮುಂದೂಡಬೇಡ ಅಂದಿದ್ದೇನೆ. ಅದಕ್ಕಿನ್ನೂ ಒಪ್ಪಿಲ್ಲ.